ಮಾನಸಿಕ ಆರೋಗ್ಯ ವೃತ್ತಿಪರರು: ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ಪ್ರದೇಶ

ಮಾನಸಿಕ ಆರೋಗ್ಯ ವೃತ್ತಿಪರರು ಎಂಬುದು ಮನಸ್ಸಿನ ಕಾಯಿಲೆಗಳನ್ನು ಗುರುತಿಸುವ, ಅವುಗಳಿಗೆ ಚಿಕಿತ್ಸೆ ನೀಡುವ ಮತ್ತು ಚೇತರಿಸಿಕೊಳ್ಳುತ್ತಿರುವವರನ್ನು ಮರಳಿ ದೈನಂದಿನ ಬದುಕಿಗೆ ಹೊಂದಿಸುವ ಕೆಲಸದಲ್ಲಿ ತರಬೇತಿ ಪಡೆದ ಹಲವು ಬಗೆಯ ತಜ್ಞರಿಗೆ ಒಟ್ಟಾಗಿ ಬಳಸುವ ಹೆಸರು. ಮನೋವೈದ್ಯರು, ಚಿಕಿತ್ಸಾ ಮನೋವಿಜ್ಞಾನಿಗಳು (ಕ್ಲಿನಿಕಲ್ ಸೈಕಾಲಜಿಸ್ಟ್), ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮತ್ತು ಮನೋವೈದ್ಯಕೀಯ ಶುಶ್ರೂಷಕರು ಇವರಲ್ಲಿ ಮುಖ್ಯರು. ಆಪ್ತಸಮಾಲೋಚಕರನ್ನೂ ಸಾಮಾನ್ಯ ಬಳಕೆಯಲ್ಲಿ ಇದೇ ಗುಂಪಿಗೆ ಸೇರಿಸುತ್ತಾರೆ. ಆದರೆ ಇವರೆಲ್ಲರ ಓದು, ಅಧಿಕಾರ ಮತ್ತು ಕೆಲಸ ಒಂದೇ ಅಲ್ಲ. ಉಡುಪಿ ಜಿಲ್ಲೆಯ ಉತ್ತರ ಭಾಗದ ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲ್ಲೂಕುಗಳಂತಹ ಕಡೆ, ತಜ್ಞರನ್ನು ಕಾಣಲು ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕಾದ ಕುಟುಂಬಗಳಿಗೆ ಈ ವ್ಯತ್ಯಾಸ ತಿಳಿದಿರುವುದು ಅಗತ್ಯ.

ಹೆಸರುಗಳ ಗೊಂದಲ

ಕನ್ನಡದಲ್ಲಿ ಮನೋವೈದ್ಯ, ಮನಶ್ಶಾಸ್ತ್ರಜ್ಞ, ಮನೋವಿಜ್ಞಾನಿ, ಮನೋರೋಗ ತಜ್ಞ ಎಂಬ ಪದಗಳು ಪತ್ರಿಕೆಗಳಲ್ಲಿ ಒಂದರ ಬದಲಿಗೆ ಮತ್ತೊಂದಾಗಿ ಬಳಕೆಯಾಗುತ್ತವೆ. ಮನೋವೈದ್ಯ ಮತ್ತು ಮನೋರೋಗ ತಜ್ಞ ಎಂದರೆ ವೈದ್ಯಕೀಯ ಪದವಿ ಪಡೆದವರು. ಮನಶ್ಶಾಸ್ತ್ರಜ್ಞ ಮತ್ತು ಮನೋವಿಜ್ಞಾನಿ ಎಂದರೆ ಮನಶ್ಶಾಸ್ತ್ರವನ್ನು ಓದಿದವರು, ಅವರು ವೈದ್ಯರಲ್ಲ. ಇದರ ಜೊತೆಗೆ ‘ನರದ ಡಾಕ್ಟರು’ ಎಂಬ ಆಡುಮಾತೊಂದಿದೆ. ನರರೋಗ ತಜ್ಞರು ಪಾರ್ಶ್ವವಾಯು, ಮೂರ್ಛೆರೋಗ, ಕಂಪವಾತದಂತಹ ಮಿದುಳು ಮತ್ತು ನರಮಂಡಲದ ಕಾಯಿಲೆಗಳನ್ನು ನೋಡುವವರು. ಮನೋವೈದ್ಯರ ಬಳಿಗೆ ಹೋದೆವೆಂದು ಹೇಳಲು ಸಂಕೋಚಪಡುವವರು ‘ನರದ ಡಾಕ್ಟರ ಹತ್ತಿರ ಹೋಗಿದ್ದೆವು’ ಎನ್ನುವುದೂ ಉಂಟು. ತುಳುವಿನಲ್ಲಿ ಹುಚ್ಚಿಗೆ ‘ಮರ್ಲ್’ ಎನ್ನುತ್ತಾರೆ. ಆ ಮಾತಿಗೆ ಅಂಟಿಕೊಂಡ ಅವಮಾನವೇ ಈ ಸಂಕೋಚಕ್ಕೆ ಕಾರಣ.

ಮನೋವೈದ್ಯರು

ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿದ ನಂತರ ಮನೋವೈದ್ಯಶಾಸ್ತ್ರದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿಪ್ಲೊಮಾ ಪಡೆದಿರುತ್ತಾರೆ. ದೇಹದ ಕಾಯಿಲೆಯೂ ಮನಸ್ಸಿನ ಲಕ್ಷಣಗಳನ್ನು ತೋರಬಲ್ಲದು. ಥೈರಾಯಿಡ್ ಗ್ರಂಥಿಯ ಕೊರತೆ ಖಿನ್ನತೆಯಂತೆ ಕಾಣಬಹುದು. ದೀರ್ಘಕಾಲ ಮದ್ಯ ಕುಡಿಯುತ್ತಿದ್ದವರು ಥಟ್ಟನೆ ನಿಲ್ಲಿಸಿದಾಗ ಇಲ್ಲದ್ದನ್ನು ಕಾಣುವುದು, ನಡುಗುವುದು, ದಿಕ್ಕು ತಪ್ಪಿದಂತೆ ಮಾತನಾಡುವುದು ಆರಂಭವಾಗಬಹುದು. ಈ ಎರಡನೆಯದು ಜೀವಕ್ಕೇ ಅಪಾಯ ತರುವ ಸ್ಥಿತಿ. ಇದನ್ನು ಮಾತಿನ ಸಮಾಧಾನದಿಂದ ನಿಭಾಯಿಸಲಾಗದು, ಆಸ್ಪತ್ರೆಯೇ ಬೇಕು. ಇಂತಹ ಕಾರಣಗಳನ್ನು ಬೇರ್ಪಡಿಸಿ ರೋಗನಿರ್ಣಯ ಮಾಡುವುದು, ಔಷಧಿ ಬರೆಯುವುದು, ಅದರ ಅಡ್ಡಪರಿಣಾಮಗಳನ್ನು ಗಮನಿಸುವುದು, ಅಗತ್ಯವಿದ್ದಾಗ ಒಳರೋಗಿಯಾಗಿ ದಾಖಲಿಸುವುದು ಮನೋವೈದ್ಯರ ಕೆಲಸ. ವಿದ್ಯುತ್ ಕಂಪನ ಚಿಕಿತ್ಸೆಯನ್ನು ನೀಡುವವರೂ ಅವರೇ. ಸಿನಿಮಾಗಳಲ್ಲಿ ಶಿಕ್ಷೆಯಂತೆ ಕಾಣಿಸುವ ಈ ಚಿಕಿತ್ಸೆಯನ್ನು ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ನೀಡುವುದನ್ನು ಕಾನೂನು ನಿಷೇಧಿಸಿದೆ.

ಮನೋವೈದ್ಯರ ಔಷಧಿಗಳೆಲ್ಲ ನಿದ್ರೆ ಮಾತ್ರೆಗಳು, ಒಮ್ಮೆ ಹಿಡಿದರೆ ಬಿಡಲಾಗದು ಎಂಬ ನಂಬಿಕೆ ವ್ಯಾಪಕವಾಗಿದೆ. ಕೆಲವು ನಿದ್ರಾಜನಕ ಮಾತ್ರೆಗಳಿಗೆ ಅವಲಂಬನೆಯ ಅಪಾಯವಿರುವುದು ನಿಜ. ಆದರೆ ಖಿನ್ನತೆ ಮತ್ತು ಚಿತ್ತವಿಕಲತೆಗೆ ನೀಡುವ ಮುಖ್ಯ ಔಷಧಿಗಳು ಆ ಗುಂಪಿನವಲ್ಲ. ಅವು ಪರಿಣಾಮ ತೋರಲು ವಾರಗಳೇ ಬೇಕಾಗುತ್ತವೆ. ಹತ್ತು ದಿನ ನುಂಗಿ ‘ಗುಣ ಕಾಣಲಿಲ್ಲ’ ಎಂದು ಬಿಡುವುದು, ಅಥವಾ ಗುಣವಾಯಿತೆಂದು ವೈದ್ಯರನ್ನು ಕೇಳದೆ ನಿಲ್ಲಿಸುವುದು ಕಾಯಿಲೆ ಮರುಕಳಿಸುವ ಸಾಮಾನ್ಯ ಕಾರಣಗಳು.

ಚಿಕಿತ್ಸಾ ಮನೋವಿಜ್ಞಾನಿಗಳು

ಇವರು ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಬಳಿಕ ಆಸ್ಪತ್ರೆಯಲ್ಲಿ ಮೇಲ್ವಿಚಾರಣೆಯಡಿ ಎರಡು ವರ್ಷಗಳ ಪೂರ್ಣಾವಧಿ ಎಂ.ಫಿಲ್. ತರಬೇತಿ ಮುಗಿಸಿದವರು. ಈ ತರಬೇತಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರಬೇಕು. ಪರಿಷತ್ತು ಅರ್ಹರ ಹೆಸರನ್ನು ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ದಾಖಲಿಸಿ ಸಂಖ್ಯೆಯೊಂದನ್ನು ಕೊಡುತ್ತದೆ. ಆ ಸಂಖ್ಯೆಯನ್ನು ಕೇಳುವುದರಲ್ಲಿ ಅಸೌಜನ್ಯವೇನೂ ಇಲ್ಲ. ಕೇವಲ ಮನಶ್ಶಾಸ್ತ್ರದ ಎಂ.ಎ. ಅಥವಾ ಎಂ.ಎಸ್ಸಿ. ಇದ್ದವರು ಮನಶ್ಶಾಸ್ತ್ರಜ್ಞರೆನಿಸಬಹುದು, ಕಾನೂನಿನ ಅರ್ಥದಲ್ಲಿ ಚಿಕಿತ್ಸಾ ಮನೋವಿಜ್ಞಾನಿಗಳಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿರುವುದರಿಂದ ಈ ಅರ್ಹತೆಯ ಸ್ವರೂಪ ಈಗ ಬದಲಾಗುತ್ತಿದೆ.

ಈ ಶಿಸ್ತಿನ ಭಾರತೀಯ ಚರಿತ್ರೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗವು 1924ರಲ್ಲಿ ಮಹಾರಾಜ ಕಾಲೇಜಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರಿಂದ ಆರಂಭವಾಯಿತು (‘ಆಕಾಶವಾಣಿ’ ಎಂಬ ಹೆಸರಿನೊಂದಿಗೆ ಮೈಸೂರಿನಲ್ಲಿ ಬಾನುಲಿ ಪ್ರಸಾರ ಪ್ರಾರಂಭಿಸಿದವರೂ ಇವರೇ). ವಿ. ವಿ. ಕಾಮತರು 1930ರ ದಶಕದಲ್ಲಿ ಬಿನೆ ಬುದ್ಧಿಶಕ್ತಿ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದೇಶದಾದ್ಯಂತ ಬಳಕೆಗೆ ಬಂದಿತು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯೊಂದಿಗೆ 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞರನ್ನೂ ತರಬೇತುಗೊಳಿಸತೊಡಗಿತು. ಆಸ್ಪತ್ರೆ ಮತ್ತು ಸಂಸ್ಥೆ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು.

ಬುದ್ಧಿಮಟ್ಟ, ನೆನಪು, ಕಲಿಕೆಯ ತೊಂದರೆ, ವ್ಯಕ್ತಿತ್ವ ಇವುಗಳ ಪರೀಕ್ಷೆ ಮತ್ತು ಮನೋಚಿಕಿತ್ಸೆ ಚಿಕಿತ್ಸಾ ಮನೋವಿಜ್ಞಾನಿಗಳ ಎರಡು ಮುಖ್ಯ ಹೊಣೆಗಳು. ಭಾರತದಲ್ಲಿ ಇವರು ಔಷಧಿ ಬರೆಯುವಂತಿಲ್ಲ. ಮನೋಚಿಕಿತ್ಸೆ ಎಂದರೆ ಉಪದೇಶವಲ್ಲ. ಗೀಳು ಕಾಯಿಲೆಯಿಂದ ದಿನಕ್ಕೆ ನೂರು ಸಲ ಕೈತೊಳೆಯುವವರಿಗೆ ‘ತೊಳೆಯಬೇಡ’ ಎನ್ನುವುದರಿಂದ ಪ್ರಯೋಜನವಿಲ್ಲ. ಕೊಳಕೆನಿಸಿದ ವಸ್ತುವನ್ನು ಮುಟ್ಟಿಯೂ ತೊಳೆಯದೆ ಇರುವುದನ್ನು ಹಂತಹಂತವಾಗಿ, ವಾರಗಟ್ಟಲೆ ಅಭ್ಯಾಸ ಮಾಡಿಸುವ ಕ್ರಮಬದ್ಧ ವಿಧಾನವದು. ಮಾತೇ ಇಲ್ಲಿ ಉಪಕರಣವಾದ್ದರಿಂದ ಭಾಷೆಯ ಪ್ರಶ್ನೆ ಸಣ್ಣದಲ್ಲ. ಕುಂದಗನ್ನಡದಲ್ಲಿ ದುಃಖ ತೋಡಿಕೊಳ್ಳುವವರಿಗೆ ಇಂಗ್ಲಿಷ್ ಅಥವಾ ಹಿಂದಿ ಮಾತ್ರ ಬಲ್ಲ ಚಿಕಿತ್ಸಕರಿಂದ ಆಗುವ ಸಹಾಯ ಅಷ್ಟಕ್ಕಷ್ಟೆ.

ಸಮಾಜ ಕಾರ್ಯಕರ್ತರು ಮತ್ತು ಶುಶ್ರೂಷಕರು

ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಹಾಗೂ ಎರಡು ವರ್ಷಗಳ ಎಂ.ಫಿಲ್. ಪಡೆದವರು. ಇವರ ಗಮನ ರೋಗಿಯ ಮನೆ, ದುಡಿಮೆ ಮತ್ತು ನೆರೆಹೊರೆಯ ಮೇಲೆ. ಮನೆಮಂದಿಗೆ ಕಾಯಿಲೆಯ ಸ್ವರೂಪ ತಿಳಿಸುವುದು, ದಂಪತಿಗಳ ನಡುವಿನ ಬಿರುಕನ್ನು ನೋಡುವುದು, ಬಿಟ್ಟುಹೋದ ಕೆಲಸಕ್ಕೆ ಮರಳಲು ದಾರಿ ಹುಡುಕುವುದು, ಅಂಗವಿಕಲತೆಯ ಪ್ರಮಾಣಪತ್ರ ಮತ್ತು ಮಾಸಾಶನಕ್ಕೆ ಅರ್ಜಿ ಹಾಕಿಸುವುದು ಇವರ ಕೆಲಸ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವಿಕಲತೆಗಳಲ್ಲಿ ಮಾನಸಿಕ ಅಸ್ವಸ್ಥತೆಯೂ ಒಂದು ಎಂಬುದು ಅನೇಕ ಕುಟುಂಬಗಳಿಗೆ ತಿಳಿಯುವುದು ಇವರಿಂದಲೇ. ಜನರ ಕಣ್ಣಿಗೆ ಬೀಳದಿದ್ದರೂ, ದೀರ್ಘಕಾಲದ ಕಾಯಿಲೆಗಳಲ್ಲಿ ಫಲಿತಾಂಶವನ್ನು ನಿರ್ಧರಿಸುವುದು ಬಹುಮಟ್ಟಿಗೆ ಇವರ ದುಡಿಮೆ.

ಮನೋವೈದ್ಯಕೀಯ ಶುಶ್ರೂಷಕರು ವಾರ್ಡಿನಲ್ಲಿ ರೋಗಿಯ ಜೊತೆ ಅತಿ ಹೆಚ್ಚು ಹೊತ್ತು ಇರುವವರು. ಔಷಧಿ ಕೊಡುವುದು, ಆತ್ಮಹತ್ಯೆಯ ಸೂಚನೆಗಳನ್ನು ಗಮನಿಸುವುದು, ತಿಂಗಳಿಗೊಮ್ಮೆ ನೀಡುವ ದೀರ್ಘಕಾಲೀನ ಚುಚ್ಚುಮದ್ದನ್ನು ತಪ್ಪದಂತೆ ನೋಡಿಕೊಳ್ಳುವುದು ಇವರ ಹೊಣೆ.

ಆಪ್ತಸಮಾಲೋಚಕರು

ಶಾಲೆ, ಕಾಲೇಜು, ಎಚ್.ಐ.ವಿ. ಪರೀಕ್ಷಾ ಕೇಂದ್ರ, ಹದಿಹರೆಯದವರ ಸ್ನೇಹ ಕ್ಲಿನಿಕ್, ಮಹಿಳೆಯರ ಸಾಂತ್ವನ ಕೇಂದ್ರ ಮುಂತಾದ ಕಡೆ ಆಪ್ತಸಮಾಲೋಚಕರು ಇರುತ್ತಾರೆ. ಪರೀಕ್ಷೆಯ ಭಯ, ಕುಟುಂಬ ಕಲಹ, ಸಾವಿನ ದುಃಖ, ವೃತ್ತಿಯ ಗೊಂದಲ ಇಂತಹ ಸಂದರ್ಭಗಳಲ್ಲಿ ಇವರ ಸಹಾಯ ಬೆಲೆಯುಳ್ಳದ್ದು. ಆದರೆ ಈ ಹೆಸರಿನಡಿ ಬರುವ ತರಬೇತಿ ಒಂದೇ ಮಟ್ಟದ್ದಲ್ಲ: ಸ್ನಾತಕೋತ್ತರ ಪದವಿಯವರೂ ಇದ್ದಾರೆ, ಕೆಲವು ವಾರಗಳ ಪ್ರಮಾಣಪತ್ರದವರೂ ಇದ್ದಾರೆ. 2021ರ ರಾಷ್ಟ್ರೀಯ ಸಂಬಂಧಿತ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ಆಯೋಗದ ಕಾಯ್ದೆಯು ಮನಶ್ಶಾಸ್ತ್ರಜ್ಞರು ಮತ್ತು ಸಮಾಜ ಕಾರ್ಯಕರ್ತರನ್ನು ತನ್ನ ವ್ಯಾಪ್ತಿಗೆ ತಂದಿದೆ. ಒಳ್ಳೆಯ ಸಮಾಲೋಚಕರ ಗುರುತು, ತಮ್ಮಿಂದ ಆಗದ್ದನ್ನು ಬೇಗ ಗುರುತಿಸಿ ಮುಂದಕ್ಕೆ ಕಳುಹಿಸುವುದು.

ಕಾನೂನಿನ ಚೌಕಟ್ಟು

1987ರ ಕಾಯ್ದೆಯ ಬದಲಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017, ಈ ವೃತ್ತಿಗಳ ಅರ್ಹತೆಯನ್ನು ವ್ಯಾಖ್ಯಾನಿಸುತ್ತದೆ. ಚಿಕಿತ್ಸಾ ಮನೋವಿಜ್ಞಾನಿಗಳು, ಸಮಾಜ ಕಾರ್ಯಕರ್ತರು ಮತ್ತು ಶುಶ್ರೂಷಕರನ್ನು ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರವು ನೋಂದಾಯಿಸಬೇಕು. ಆಯುರ್ವೇದ, ಹೋಮಿಯೋಪತಿ, ಯುನಾನಿ ಮತ್ತು ಸಿದ್ಧ ಪದ್ಧತಿಗಳಲ್ಲಿ ಮಾನಸಿಕ ಕಾಯಿಲೆಗಳ ಕುರಿತೇ ಸ್ನಾತಕೋತ್ತರ ಪದವಿ ಪಡೆದವರೂ ವ್ಯಾಖ್ಯೆಯೊಳಗೆ ಬರುತ್ತಾರೆ. 106ನೆಯ ಕಲಂ ಪ್ರಕಾರ ಯಾವುದೇ ವೃತ್ತಿಪರರು ತಮ್ಮ ವೃತ್ತಿಕ್ಷೇತ್ರಕ್ಕೆ ಸೇರದ ಔಷಧಿಯನ್ನಾಗಲಿ ಚಿಕಿತ್ಸೆಯನ್ನಾಗಲಿ ಸೂಚಿಸುವಂತಿಲ್ಲ. ತಾನಾಗಿ ಒಪ್ಪಿಗೆ ನೀಡುವ ಸ್ಥಿತಿಯಲ್ಲಿಲ್ಲದವರನ್ನು, ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿಯ ಮೇಲೆ ದಾಖಲಿಸಬೇಕಾದಾಗ ಮನೋವೈದ್ಯರೊಬ್ಬರು ಮತ್ತು ಇನ್ನೊಬ್ಬ ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ವೈದ್ಯರು ಪ್ರತ್ಯೇಕವಾಗಿ ಪರೀಕ್ಷಿಸಿರಬೇಕು. ರೋಗಿಯನ್ನು ಸಂಕೋಲೆಯಲ್ಲಿಡುವುದನ್ನು ಕಾಯ್ದೆ ನಿಷೇಧಿಸುತ್ತದೆ.

ಮೂರು ತಾಲ್ಲೂಕುಗಳಲ್ಲಿ

ಬೈಂದೂರು ಹಿಂದೆ ಕುಂದಾಪುರ ತಾಲ್ಲೂಕಿನಲ್ಲಿಯೂ ಬ್ರಹ್ಮಾವರ ಉಡುಪಿ ತಾಲ್ಲೂಕಿನಲ್ಲಿಯೂ ಇದ್ದವು. 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದವು. ಮೂರೂ ರಾಷ್ಟ್ರೀಯ ಹೆದ್ದಾರಿ 66ರ ಮೇಲಿವೆ. ತಜ್ಞರ ದೊಡ್ಡ ನೆಲೆಗಳು ದಕ್ಷಿಣಕ್ಕಿವೆ: ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಮನೋವೈದ್ಯಕೀಯ ಸೇವೆಗೆ ಹೆಸರಾದ ದೊಡ್ಡಣಗುಡ್ಡೆಯ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಮತ್ತು 1953ರಲ್ಲಿ ಸ್ಥಾಪನೆಯಾದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು. ಬ್ರಹ್ಮಾವರದವರಿಗೆ ಉಡುಪಿ ಹತ್ತಿರ. ಬೈಂದೂರಿನಿಂದ ಸುಮಾರು 70 ಕಿಲೋಮೀಟರ್. ಶಿರೂರು, ಕೊಲ್ಲೂರಿನ ಒಳಭಾಗದವರಿಗೆ ಹೆದ್ದಾರಿ ತಲುಪುವುದೇ ಒಂದು ಪ್ರಯಾಣ.

ಈ ದೂರವನ್ನು ತಗ್ಗಿಸುವ ವ್ಯವಸ್ಥೆಗೆ ಮೂಲ ಬಳ್ಳಾರಿಯಲ್ಲಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗಳಿಗೆ ಚಿಕಿತ್ಸೆ ನೀಡಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ಆ ಜಿಲ್ಲೆಯಲ್ಲಿ ತೋರಿಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಮಟ್ಟದಲ್ಲಿ ಆರಂಭವಾಯಿತು. ಕರ್ನಾಟಕದ ‘ಮನೋಚೈತನ್ಯ’ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ನಿಗದಿತ ಮಂಗಳವಾರದಂದು ಮನೋವೈದ್ಯರ ತಪಾಸಣೆ ಏರ್ಪಡುತ್ತದೆ. ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯರಿಂದ ಅಥವಾ ಆಸ್ಪತ್ರೆಯಿಂದ ಮೊದಲೇ ತಿಳಿದುಕೊಳ್ಳುವುದು ಒಳಿತು.

ಕರಾವಳಿಯಲ್ಲಿ ವಿಚಿತ್ರ ನಡವಳಿಕೆ ಕಂಡಾಗ ಜ್ಯೋತಿಷಿಗಳ ಬಳಿ ಪ್ರಶ್ನೆ ಇಡಿಸುವುದು, ನಾಗಪಾತ್ರಿ ಅಥವಾ ದೈವದ ದರ್ಶನದಲ್ಲಿ ಕೇಳುವುದು ರೂಢಿಯಲ್ಲಿದೆ. ಹರಕೆಯಿಂದ ಮನೆಮಂದಿಗೆ ಧೈರ್ಯ ಬರಬಹುದು, ಅದನ್ನು ಹೀಗಳೆಯುವ ವೈದ್ಯರ ಬಳಿಗೆ ಕುಟುಂಬ ಮತ್ತೆ ಬರುವುದೂ ಕಡಿಮೆ. ತೊಂದರೆ ಇರುವುದು ಕಾಯುವಿಕೆಯಲ್ಲಿ: ಚಿತ್ತವಿಕಲತೆಯಂತಹ ಕಾಯಿಲೆಯಲ್ಲಿ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಠಿಣ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ಕಾಯಿಲೆಯ ಬಗೆಯನ್ನು ಅನುಸರಿಸಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ದೊರೆತಿಲ್ಲವೆಂದು ಅಂದಾಜಿಸಿತು. ಆ ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

ಒಂದು ಉದಾಹರಣೆ

ಬೆಂಗಳೂರಿನ ಹೋಟೆಲೊಂದರಲ್ಲಿ ದುಡಿಯುತ್ತಿದ್ದ ಬೈಂದೂರು ಕಡೆಯ ಯುವಕನೊಬ್ಬ ಊರಿಗೆ ಮರಳಿ, ನಿದ್ರೆ ಬಿಟ್ಟು, ಯಾರೋ ತನ್ನನ್ನು ಬೈಯುತ್ತಿರುವ ದನಿ ಕೇಳಿಸುತ್ತದೆ ಎನ್ನುತ್ತಾನೆಂದು ಇಟ್ಟುಕೊಳ್ಳೋಣ. ಇಲ್ಲಿ ಮೊದಲು ಬೇಕಾದವರು ಸಮಾಲೋಚಕರಲ್ಲ, ವೈದ್ಯರು. ಹತ್ತಿರದ ಸಮುದಾಯ ಆರೋಗ್ಯ ಕೇಂದ್ರದ ವೈದ್ಯರು ಪರೀಕ್ಷಿಸಿ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ. ಅವರು ರೋಗನಿರ್ಣಯ ಮಾಡಿ ಔಷಧಿ ಆರಂಭಿಸುತ್ತಾರೆ. ‘ಸೋಮಾರಿತನ’ ಎಂದು ಬೈಯುತ್ತಿದ್ದ ತಂದೆಗೆ ಅದು ಕಾಯಿಲೆಯ ಭಾಗವೆಂದು ವಿವರಿಸುವವರು ಸಮಾಜ ಕಾರ್ಯಕರ್ತರು. ದನಿ ತಗ್ಗಿದ ಮೇಲೂ ಗಮನ ನಿಲ್ಲದಿದ್ದರೆ ಮನೋವಿಜ್ಞಾನಿಗಳು ಪರೀಕ್ಷಿಸಿ ತರಬೇತಿ ರೂಪಿಸುತ್ತಾರೆ. ನಂತರದ ತಿಂಗಳುಗಳ ಮಾತ್ರೆಯನ್ನು ಊರಿನ ಆರೋಗ್ಯ ಕೇಂದ್ರದಿಂದಲೇ ಪಡೆಯಲು ಸಾಧ್ಯವಾದರೆ, ಮಣಿಪಾಲದ ಪ್ರಯಾಣ ವರ್ಷಕ್ಕೆ ಕೆಲವೇ ಸಲ. ಇದೇ ಯುವಕನಿಗೆ ಬದಲಾಗಿ ಪ್ರೀತಿ ಮುರಿದ ದುಃಖವಷ್ಟೇ ಇದ್ದಿದ್ದರೆ, ಒಳ್ಳೆಯ ಸಮಾಲೋಚಕರೊಬ್ಬರು ಸಾಕಾಗುತ್ತಿದ್ದರು.

ತುರ್ತು ಸಂದರ್ಭ

ತನಗೆ ಅಥವಾ ಇತರರಿಗೆ ಅಪಾಯ ಮಾಡಿಕೊಳ್ಳುವ ಸ್ಥಿತಿಯಲ್ಲಿರುವವರಿಗೆ ಮನೋವೈದ್ಯರು ಸಿಗುವವರೆಗೆ ಕಾಯಬೇಕಿಲ್ಲ. ಕಾಯ್ದೆಯ 94ನೆಯ ಕಲಂ ಅಡಿ ನೋಂದಾಯಿತ ಯಾವ ವೈದ್ಯರಾದರೂ 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ನೀಡಬಹುದು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಬೇಕು, ಅದಕ್ಕೆ ವಿರುದ್ಧವಾಗಿ ಸಾಬೀತಾಗದ ಹೊರತು ಶಿಕ್ಷಿಸುವಂತಿಲ್ಲ ಎನ್ನುತ್ತದೆ 115ನೆಯ ಕಲಂ. ಪೊಲೀಸರ ಭಯದಿಂದ ಆಸ್ಪತ್ರೆಗೆ ತರಲು ಹಿಂಜರಿಯುವ ಅಗತ್ಯವಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ದಿನದ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲಿ ಮಾತನಾಡಬಹುದಾದ ಈ ಸೇವೆಯಲ್ಲಿ ಕರೆಯನ್ನು ಮೊದಲು ಸ್ವೀಕರಿಸುವವರು ತರಬೇತಿ ಪಡೆದ ಸಮಾಲೋಚಕರು. ಅಗತ್ಯ ಕಂಡರೆ ಅವರು ಮನೋವೈದ್ಯರೂ ಸೇರಿದಂತೆ ತಜ್ಞರಿಗೆ ವರ್ಗಾಯಿಸುತ್ತಾರೆ.