ಪಿಕಪ್ ಕಳೆದುಕೊಂಡ ಮೆಟ್ಟಿಲು

ಅಮೆರಿಕದ ದೊಡ್ಡ ಪಿಕಪ್ ಟ್ರಕ್ಕುಗಳ ಸರಕಿನ ತೊಟ್ಟಿಗೆ ಹತ್ತುವುದು ಈಗೀಗ ಒಂದು ಕಸರತ್ತೇ ಆಗಿದೆ. ಫೋರ್ಡ್ ಎಫ್-150 ಇರಲಿ, ಶೆವ್ರೊಲೆ ಸಿಲ್ವರಾಡೊ ಇರಲಿ, ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹರಿಸುವ ಮಾದರಿಯಾದರೆ ಅದರ ತೆರೆದ ಹಿಂಬಾಗಿಲು, ಅಂದರೆ ಟೇಲ್‌ಗೇಟ್, ನೆಲದಿಂದ ಸುಮಾರು 90 ಸೆಂ.ಮೀ. ಮೇಲಿರುತ್ತದೆ. ಮನೆಯ ಮೆಟ್ಟಿಲಿನ ಎತ್ತರ ಸಾಮಾನ್ಯವಾಗಿ 15ರಿಂದ 18 ಸೆಂ.ಮೀ. ಐದಾರು ಮೆಟ್ಟಿಲನ್ನು ಒಂದೇ ಹೆಜ್ಜೆಗೆ ಏರಬೇಕು! ಆಗದವರು ಮಂಡಿಯೂರಿ, ಅಂಗಿ ಕೊಳೆ ಮಾಡಿಕೊಂಡು ತೆವಳುತ್ತಾರೆ. ಅಂಥವರಿಗಾಗಿಯೇ ಬಗೆಬಗೆಯ ಮೆಟ್ಟಿಲುಗಳು ಮಾರಾಟಕ್ಕಿವೆ.

ವಿಚಿತ್ರವೆಂದರೆ, ಮೆಟ್ಟಿಲು ಮೊದಲು ಗಾಡಿಯಲ್ಲೇ ಇತ್ತು. ಫೋರ್ಡ್ ಕಂಪನಿ 1925ರಲ್ಲಿ ತನ್ನ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ತೊಟ್ಟಿ ಜೋಡಿಸಿ 281 ಡಾಲರಿಗೆ ಮಾರಿತು. ಆಮೇಲಿನ ಮೂರು ದಶಕಗಳ ಪಿಕಪ್‌ಗಳಲ್ಲಿ ತೊಟ್ಟಿ ಕಿರಿದು. ಹಿಂದಿನ ಚಕ್ರಗಳು ಅದರ ಹೊರಗೆ, ಉಬ್ಬಿದ ಮಡ್‌ಗಾರ್ಡಿನ ಅಡಿಯಲ್ಲಿರುತ್ತಿದ್ದವು. ಕ್ಯಾಬಿನ್ನಿಗೂ ಆ ಮಡ್‌ಗಾರ್ಡಿಗೂ ನಡುವೆ ಉಳಿದ ಜಾಗದಲ್ಲಿ ಕಾಲಿಡಲು ಒಂದು ಹಲಗೆ. ಶೆವ್ರೊಲೆಯವರು ಮುಂದೆ ಇಂಥ ಗಾಡಿಗೆ ‘ಸ್ಟೆಪ್‌ಸೈಡ್’ ಎಂದೇ ಹೆಸರಿಟ್ಟರು. 1957ರಲ್ಲಿ ಫೋರ್ಡಿನ ‘ಸ್ಟೈಲ್‌ಸೈಡ್’, ಮರುವರ್ಷ ಶೆವ್ರೊಲೆಯ ‘ಫ್ಲೀಟ್‌ಸೈಡ್’ ಬಂದವು. ತೊಟ್ಟಿಯ ಗೋಡೆ ಗಾಡಿಯ ಅಗಲಕ್ಕೆ ಸರಿಯಿತು, ಚಕ್ರಗಳು ಒಳಗೆ ಸೇರಿಕೊಂಡವು. ಸರಕಿಗೆ ಜಾಗ ಹೆಚ್ಚಿತು, ನೋಟವೂ ನುಣುಪಾಯಿತು, ಮೆಟ್ಟಿಲು ಮಾತ್ರ ಹೋಯಿತು. ಆಗಿನ ಗಾಡಿಗಳು ತಗ್ಗಾಗಿದ್ದುದರಿಂದ ಅದನ್ನು ಹೆಚ್ಚಿನವರು ಕೇಳಲಿಲ್ಲ. ಗಾಡಿ ಎತ್ತರವಾದಂತೆ, ಓಡಿಸುವವರಿಗೂ ವಯಸ್ಸಾದಂತೆ ಕೊರತೆ ಕಾಣತೊಡಗಿತು.

2008ರ ಸೂಪರ್ ಡ್ಯೂಟಿ ಮಾದರಿಯಲ್ಲಿ ಫೋರ್ಡ್ ಟೇಲ್‌ಗೇಟಿನ ಹೊಟ್ಟೆಯೊಳಗೇ ಒಂದು ಮೆಟ್ಟಿಲು ಅಡಗಿಸಿಟ್ಟಿತು. ಬಾಗಿಲು ಮಲಗಿಸಿ, ಮೆಟ್ಟಿಲನ್ನು ಹೊರಗೆಳೆದು ಕೆಳಕ್ಕೆ ಮಡಚಬೇಕು; ಜೊತೆಗೊಂದು ಹಿಡಿಗಂಬಿಯನ್ನೂ ಎಬ್ಬಿಸಿ ನಿಲ್ಲಿಸಬಹುದು. ಶೆವ್ರೊಲೆಯವರಿಗೆ ನಗು ತಡೆಯಲಾಗಲಿಲ್ಲ. ಮಾಜಿ ಫುಟ್‌ಬಾಲ್ ಆಟಗಾರ ಹೋವಿ ಲಾಂಗ್ ಅವರನ್ನು ಕರೆತಂದು, ಗಂಡಸಿಗೆ ಇಂಥ ಊರುಗೋಲು ಬೇಕೇ ಎಂಬ ಧಾಟಿಯಲ್ಲಿ ಜಾಹೀರಾತು ಮಾಡಿಸಿದರು. ಅದೇ ಬಳಗದ ಜಿಎಂಸಿ ಸಿಯೆರಾದಲ್ಲಿ 2019ರ ಮಾದರಿಯ ಹೊತ್ತಿಗೆ ಟೇಲ್‌ಗೇಟಿನ ಒಳಭಾಗ ಮಡಚಿ ಅಗಲವಾದ ಮೆಟ್ಟಿಲಾಗುತ್ತಿತ್ತು. ನಕ್ಕವರ ಮನೆಗೇ ಮೆಟ್ಟಿಲು ಬಂತು.

ಮೆಟ್ಟಿಲು ನಿಜವಾಗಿ ಏನು ಮಾಡುತ್ತದೆ? ಶ್ರಮವನ್ನೇನೂ ಉಳಿಸುವುದಿಲ್ಲ. 75 ಕಿಲೋ ತೂಕದವರು 90 ಸೆಂ.ಮೀ. ಏರಲು ಸುಮಾರು 660 ಜೂಲ್ ಕೆಲಸ ಆಗಲೇಬೇಕು, ಒಂದು ಹೆಜ್ಜೆಯಾದರೂ ಸರಿ, ಮೂರಾದರೂ ಸರಿ. ವ್ಯತ್ಯಾಸ ಇರುವುದು ಮಂಡಿಯ ಮಡಿಕೆಯಲ್ಲಿ. ಪಾದವನ್ನು ಎತ್ತರಕ್ಕೆ ಇಟ್ಟಷ್ಟೂ ಮಂಡಿ ಹೆಚ್ಚು ಮಡಚುತ್ತದೆ. ದೇಹದ ಭಾರ ಮಂಡಿಯಿಂದ ದೂರ ಹಿಂದಕ್ಕೆ ಬೀಳುತ್ತದೆ, ಅದನ್ನು ಎತ್ತಲು ತೊಡೆಯ ಮುಂಭಾಗದ ಸ್ನಾಯು ಹೆಚ್ಚು ಜೋರಾಗಿ ಎಳೆಯಬೇಕಾಗುತ್ತದೆ, ಆ ಎಳೆತವೆಲ್ಲ ಮಂಡಿಚಿಪ್ಪಿನ ಮೇಲೆ ಒತ್ತುತ್ತದೆ. 45 ಸೆಂ.ಮೀ. ಎತ್ತರದಲ್ಲೊಂದು ಮೆಟ್ಟಿಲಿದ್ದರೆ ಏರಿಕೆ ಎರಡು ಸಮ ಪಾಲಾಗುತ್ತದೆ. ಮೆಟ್ಟಿಲು ತೀರಾ ಕೆಳಗಿದ್ದರೆ ಮೇಲಿನ ಹೆಜ್ಜೆ ಕಷ್ಟ, ತೀರಾ ಮೇಲಿದ್ದರೆ ಕೆಳಗಿನದು. ಕೊಳ್ಳುವಾಗ ಹೆಚ್ಚಿನವರು ಈ ಲೆಕ್ಕ ಹಾಕುವುದೇ ಇಲ್ಲ, ಬಣ್ಣ ನೋಡುತ್ತಾರೆ.

ಇಳಿಯುವುದು ಇನ್ನೂ ದೊಡ್ಡ ವಿಷಯ. 90 ಸೆಂ.ಮೀ. ಎತ್ತರದಿಂದ ಧುಮುಕಿದರೆ ನೆಲ ಮುಟ್ಟುವಾಗ ವೇಗ ಗಂಟೆಗೆ ಸುಮಾರು 15 ಕಿ.ಮೀ. ಹಿಮ್ಮಡಿ, ಮಂಡಿ, ಸೊಂಟ ಮೂರೂ ಅದನ್ನು ಕ್ಷಣಾರ್ಧದಲ್ಲಿ ನುಂಗಬೇಕು.

ಅಮೆರಿಕದಲ್ಲಿ ಸಿಗುವ ಮೆಟ್ಟಿಲುಗಳಲ್ಲಿ ಅಗ್ಗದ ಒಂದು ಬಗೆ, ಟ್ರೇಲರ್ ಎಳೆಯುವ ಕೊಕ್ಕೆಯ ಚೌಕ ಕೊಳವೆಗೆ ತೂರಿಸುವಂಥದ್ದು. ಎರಡಿಂಚಿನ ಆ ಕೊಳವೆಯೊಳಗೆ ಮೆಟ್ಟಿಲಿನ ಕಾಂಡ ಸಲೀಸಾಗಿ ಹೋಗಬೇಕೆಂದರೆ ಸುತ್ತ ಚೂರು ಸಡಿಲ ಇರಲೇಬೇಕು. ಆ ಸಡಿಲವೇ ದಾರಿಯುದ್ದಕ್ಕೂ ಗಡಗಡ ಎನ್ನುತ್ತದೆ. ಹಲಗೆಯ ತುದಿಗೆ ಕಾಲಿಟ್ಟರೆ ಕಾಂಡ ತಿರುಚಿಕೊಂಡು ಮೆಟ್ಟಿಲು ಒಂದು ಕಡೆ ವಾಲುತ್ತದೆ. ಇಷ್ಟಾದರೂ ತಡೆದುಕೊಳ್ಳಬಹುದು, ಟ್ರೇಲರ್ ಸಿಕ್ಕಿಸುವ ದಿನ ಮಾತ್ರ ಇದನ್ನು ಕಿತ್ತು ಪಕ್ಕಕ್ಕಿಡಬೇಕು. ಗಾಡಿಯ ಹಿಂದೆ ಚಾಚಿಕೊಂಡಿರುವ ಇದಕ್ಕೆ ಮುಂಗಾಲು ತಾಗಿಸಿಕೊಂಡವರು ಮಾಲೀಕರನ್ನು ಶಪಿಸುವುದೂ ಉಂಟು.

ಬಂಪರಿನ ಅಡಿಯಲ್ಲಿ ಅಡಗಿರುವ ಮಡಚುವ ಮೆಟ್ಟಿಲು ಇದಕ್ಕಿಂತ ಜಾಣ. ಪಾದದಿಂದ ತಳ್ಳಿದರೆ ತೋಳಿನ ಮೇಲೆ ತೂಗಿ ಹೊರಬರುತ್ತದೆ, ಮತ್ತೆ ತಳ್ಳಿದರೆ ಒಳಹೋಗುತ್ತದೆ. ಆದರೆ ಎಲ್ಲ ಭಾರವೂ ಬೋಲ್ಟುಗಳ ಮೇಲೆ. 90 ಕಿಲೋ ತೂಕದ ಮನುಷ್ಯ ಬೋಲ್ಟಿನಿಂದ 30 ಸೆಂ.ಮೀ. ಆಚೆ ನಿಂತರೆ ಬುಡದಲ್ಲಿ ಹುಟ್ಟುವ ತಿರುಚುಬಲ ಸುಮಾರು 265 ನ್ಯೂಟನ್-ಮೀಟರ್. ಎಫ್-150ರ ಚಕ್ರದ ನಟ್ಟು ಬಿಗಿಯಲು ಬೇಕಾದದ್ದೇ 204. ಹಾಗಾಗಿ ಇದನ್ನು ತೆಳು ತಗಡಿಗಲ್ಲ, ಚಾಸಿಗೇ ಬಿಗಿಯಬೇಕು. ಇಂಥವುಗಳ ತಾಳಿಕೆ ಸಾಮಾನ್ಯವಾಗಿ 136 ಕಿಲೋ, ಅಂದರೆ 300 ಪೌಂಡ್. ಹೊತ್ತ ಸಿಮೆಂಟ್ ಚೀಲದ ತೂಕವೂ ಅದರಲ್ಲೇ ಸೇರಿದೆ ಎಂಬುದು ನೆನಪಿರಲಿ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಉತ್ತರದ ರಾಜ್ಯಗಳಲ್ಲಿ ಇದರ ಕೀಲುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ.

ನನ್ನ ಮತ ಕೇಳಿದರೆ, ಎಲ್ಲಕ್ಕಿಂತ ಒಳ್ಳೆಯದು ಅತ್ಯಂತ ಸಪ್ಪೆಯಾದದ್ದು. 2014ರ ಸಿಲ್ವರಾಡೊದಲ್ಲಿ ಬಂಪರಿನ ಎರಡೂ ಮೂಲೆಯಲ್ಲಿ ಬೂಟಿನ ತುದಿ ಹಿಡಿಯುವಷ್ಟು ಗುಳಿ ಮಾಡಿ, ಮೇಲೆ ತೊಟ್ಟಿಯ ಅಂಚಿನಲ್ಲಿ ಕೈ ಸಿಗಿಸಲು ಹಿಡಿ ಕೊಟ್ಟರು. ಕೀಲಿಲ್ಲ, ಸ್ಪ್ರಿಂಗಿಲ್ಲ, ಕೆಡಲು ಏನೂ ಇಲ್ಲ. ದಿನಕ್ಕೆ ಹತ್ತಾರು ಬಾರಿ ಹತ್ತಿಳಿಯುವ ಕೆಲಸಗಾರರಿಗೆ ಇದೇ ಸರಿ. ಗುಳಿ ಸ್ವಲ್ಪ ಎತ್ತರದಲ್ಲಿರುವುದರಿಂದ ಮಂಡಿನೋವಿನವರಿಗೆ ಮಾತ್ರ ಹಿಡಿಗಂಬಿಯಿರುವ ಟೇಲ್‌ಗೇಟ್ ಮೆಟ್ಟಿಲೇ ಬೇಕು.

ನಮ್ಮಲ್ಲಿ ಗೂಡ್ಸ್ ಗಾಡಿಯ ಹಿಂದಿನ ಟೈರಿನ ಮೇಲೆ ಕಾಲಿಟ್ಟು ಹತ್ತುವುದು ಮಾಮೂಲು. ಆದರೆ ಮಳೆಗಾಲದ ಕೆಸರಿನಲ್ಲಿ ದುಂಡನೆಯ ರಬ್ಬರನ್ನು ನಂಬುವಂತಿಲ್ಲ. ಅಲ್ಲಾಗಲಿ ಇಲ್ಲಾಗಲಿ, ಮೆಟ್ಟಿಲು ಕೊಳ್ಳುವ ಅಥವಾ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವ ಮುನ್ನ ಟೇಪು ಹಿಡಿದು ನೆಲದಿಂದ ತೊಟ್ಟಿಯವರೆಗೆ ಅಳೆಯಿರಿ. ಮೆಟ್ಟಿಲು ಅದರ ಅರ್ಧದ ಆಸುಪಾಸಿನಲ್ಲಿರಲಿ, ಮೇಲ್ಮೈ ಕೆಸರು ಸೋರುವಂತೆ ತೂತಾಗಿ ತರಿತರಿಯಾಗಿರಲಿ, ಕೈಗೊಂದು ಆಸರೆ ಇರಲಿ. ಇಳಿಯುವಾಗ ಗಾಡಿಗೆ ಮುಖ ಮಾಡಿ, ಎರಡು ಕೈ ಎರಡು ಕಾಲುಗಳಲ್ಲಿ ಮೂರಾದರೂ ಸದಾ ಗಾಡಿಯ ಮೇಲಿರುವಂತೆ ಇಳಿಯಿರಿ.