ಅಂಜನದ ಕಲ್ಲು ಅರಸನ ಲಾಂಛನವಾದ ಬಗೆ

ಅಧಿಕಾರವೆಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ಆದುದರಿಂದಲೇ ಅದನ್ನು ಹೊಂದಿದವರು ಎಲ್ಲ ಕಾಲಗಳಲ್ಲಿಯೂ ಕಾಣುವಂತಹ ಕುರುಹೊಂದನ್ನು ಅರಸಿದ್ದಾರೆ. ಅಂತಹ ಕುರುಹು ಹುಟ್ಟಿ ಬೆಳೆದ ಕ್ರಮವನ್ನು ಈಜಿಪ್ಟ್ ದೇಶದ ಪ್ರಾಚೀನ ಶಿಲಾಫಲಕಗಳಲ್ಲಿ ನಾವು ಸ್ಪಷ್ಟವಾಗಿ ಕಾಣಬಹುದು.

ಫೇರೋಗಳು ಆಳುವುದಕ್ಕೂ ಮುನ್ನ, ಕ್ರಿ.ಪೂ. ನಾಲ್ಕನೆಯ ಸಹಸ್ರಮಾನದಲ್ಲಿ, ನೈಲ್ ನದಿಯ ಕಣಿವೆಯ ಜನರು ಮ್ಯಾಲಕೈಟ್ ಎಂಬ ಹಸಿರು ಖನಿಜವನ್ನು ಚಪ್ಪಟೆಯಾದ ಕಲ್ಲಿನ ಮೇಲೆ ಅರೆದು ಕಣ್ಣಿಗೆ ಹಚ್ಚಿಕೊಳ್ಳುತ್ತಿದ್ದರು. ಆ ಕಲ್ಲುಗಳನ್ನು ಮೀನು, ಆಮೆ, ಹಕ್ಕಿಗಳ ಆಕಾರದಲ್ಲಿ ಕಡೆಯುತ್ತಿದ್ದರು. ಸ್ತ್ರೀಪುರುಷರೆಂಬ ಭೇದವಿಲ್ಲದೆ ಸತ್ತವರೊಡನೆ ಅವುಗಳನ್ನು ಹೂಳುತ್ತಿದ್ದರು. ಅದು ಜನಸಾಮಾನ್ಯರ ನಿತ್ಯೋಪಯೋಗದ ವಸ್ತುವಾಗಿದ್ದಿತು.

ಆ ಸಹಸ್ರಮಾನದ ಕೊನೆಯ ವೇಳೆಗೆ ಫಲಕಗಳು ಹಿರಿದಾದವು. ಅವುಗಳ ಮೈಮೇಲೆ ಉಬ್ಬುಶಿಲ್ಪಗಳು ಮೂಡಿದವು. ಒಂದು ಫಲಕದಲ್ಲಿ ಸಿಂಹವು ರಣಭೂಮಿಯಲ್ಲಿ ಬಿದ್ದ ಶತ್ರುವನ್ನು ಸೀಳುತ್ತಿದೆ; ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದ ಇನ್ನೊಂದರಲ್ಲಿ ಗೂಳಿಯು ಮನುಷ್ಯನನ್ನು ಕೆಡವಿ ತುಳಿಯುತ್ತಿದೆ. ಈ ಸಿಂಹವೂ ಗೂಳಿಯೂ ಸ್ವತಃ ಅರಸನೇ ಎಂಬುದು ವಿದ್ವಾಂಸರ ಅಭಿಪ್ರಾಯ.

ಈ ಪರಂಪರೆಯ ಶಿಖರವೆಂದರೆ ಕ್ರಿ.ಪೂ. 3100ರ ಸುಮಾರಿನ ನಾರ್ಮರ್ ಅರಸನ ಫಲಕ. ಕ್ವಿಬೆಲ್ ಮತ್ತು ಗ್ರೀನ್ ಎಂಬ ವಿದ್ವಾಂಸರು 1897-98ರಲ್ಲಿ ಹೀರಾಕೊನ್‌ಪೊಲಿಸ್‌ನ ದೇವಾಲಯದ ನೆಲದಲ್ಲಿ ಉತ್ಖನನ ನಡೆಸಿದಾಗ ಇದು ದೊರೆಯಿತು. ಸುಮಾರು 64 ಸೆಂಟಿಮೀಟರ್ ಎತ್ತರದ ಒಂದೇ ಕಲ್ಲು. ಒಂದು ಬದಿಯಲ್ಲಿ ಅರಸನು ಗದೆಯೆತ್ತಿ ಶತ್ರುವಿನ ತಲೆಗೂದಲು ಹಿಡಿದಿದ್ದಾನೆ. ಅವನ ನಡುಪಟ್ಟಿಯಿಂದ ಗೂಳಿಯ ಬಾಲ ಜೋತಾಡುತ್ತಿದೆ. ಅವನೆದುರಿಗೆ ಗಿಡುಗವು ಸೋತ ನಾಡಿನ ಮೂಗಿಗೆ ಹಗ್ಗ ಕಟ್ಟಿ ಹಿಡಿದಿದೆ. ಮತ್ತೊಂದು ಬದಿಯ ಕೆಳಭಾಗದಲ್ಲಿ ಗೂಳಿಯೊಂದು ಕೋಟೆಯ ಗೋಡೆಯನ್ನು ಕೊಂಬಿನಿಂದ ಒಡೆಯುತ್ತಿದೆ. ಅಲ್ಲಿ ಅರಸನ ಮುಖ ಬೇಕಿಲ್ಲ, ಪ್ರಾಣಿಯೇ ಸಾಕು. ನೂರಾರು ವರ್ಷಗಳ ಅನಂತರವೂ ಫೇರೋಗಳು ತಮ್ಮನ್ನು ‘ಬಲಿಷ್ಠ ವೃಷಭ’ವೆಂದು ಕರೆದುಕೊಂಡರು.

ಆದರೆ ಅದೇ ಬದಿಯ ನಡುವೆ ಒಂದು ದುಂಡನೆಯ ಗುಳಿಯಿದೆ. ನೀಳವಾದ ಕತ್ತಿನ ಎರಡು ವಿಚಿತ್ರ ಮೃಗಗಳು ಕತ್ತಿಗೆ ಕತ್ತು ಹೆಣೆದು ಅದನ್ನು ಸುತ್ತುವರಿದಿವೆ. ಆ ಗುಳಿ ಅಂಜನವನ್ನು ಅರೆಯುವ ಹಳೆಯ ಕಲ್ಲಿನ ನೆನಪು. ಜನರ ಕೈಯಲ್ಲಿದ್ದ ವಸ್ತುವು ಅರಸನ ಹಿರಿಮೆಯನ್ನು ಸಾರುವ ಲಾಂಛನವಾಗಿ ದೇವಾಲಯವನ್ನು ಸೇರಿದಾಗಲೂ ಈ ಗುರುತು ಅಳಿಯಲಿಲ್ಲ.

ಮೀನು ಮತ್ತು ಆಮೆಗಳು ಯಾರನ್ನೂ ಹೆದರಿಸಲಿಲ್ಲ; ಗೂಳಿ ಮತ್ತು ಸಿಂಹಗಳು ಹೆದರಿಸುವುದಕ್ಕಾಗಿಯೇ ಬಂದವು. ಬದಲಾದುದು ಪ್ರಾಣಿಗಳ ಸ್ವಭಾವವಲ್ಲ, ಮನುಷ್ಯನ ಅಪೇಕ್ಷೆ. ಲಾಂಛನವನ್ನು ಕಂಡಾಗ ಅದರ ಬಲವನ್ನಷ್ಟೇ ಎಣಿಸದೆ, ಅದರ ಮೂಲದಲ್ಲಿರುವ ಜನಜೀವನವನ್ನೂ ನೆನೆಯುವುದು ವಿವೇಕಿಗಳಿಗೆ ಉಚಿತವೆಂದು ನಾವು ಭಾವಿಸುತ್ತೇವೆ.