ಊರಿನ ಹೆಸರು, ಅಂಚೆಯ ಮುದ್ರೆ

ಮನುಷ್ಯನಿಗೆ ಹೆಸರಿರುವಂತೆ ಊರಿಗೂ ಹೆಸರುಂಟು. ಆ ಊರನ್ನು ಕಟ್ಟಿದವರು ಯಾರು, ಯಾವ ನೀರನ್ನು ನಂಬಿ ಅಲ್ಲಿ ನೆಲೆಸಿದರು, ಯಾರ ಆಳ್ವಿಕೆಗೆ ಒಳಪಟ್ಟಿದ್ದರು ಎಂಬ ಸಂಗತಿಗಳು ಅನೇಕ ವೇಳೆ ಆ ಹೆಸರಿನಲ್ಲಿಯೇ ಅಡಗಿರುತ್ತವೆ. ಶತಮಾನಗಳ ಕಾಲ ಬಹುಪಾಲು ಜನರ ಬಾಯಿಮಾತಿನಲ್ಲಿ ಮಾತ್ರ ಉಳಿದುಬಂದ ಇಂತಹ ಹೆಸರುಗಳನ್ನು ಲಿಖಿತ ರೂಪದಲ್ಲಿ ಪ್ರತಿನಿತ್ಯದ ಬಳಕೆಗೆ ತಂದ ಸಂಸ್ಥೆಗಳಲ್ಲಿ ಗ್ರಾಮೀಣ ಅಂಚೆ ಕಚೇರಿಯ ಸ್ಥಾನ ಹಿರಿದಾದುದು. ಊರಿನ ಹೆಸರಿಗೂ ಅಂಚೆಗೂ ಇರುವ ಈ ನಂಟನ್ನು ಕನ್ನಡ ನಾಡಿನ ನಿದರ್ಶನಗಳ ಮೂಲಕ ಇಲ್ಲಿ ವಿವರಿಸಲಾಗಿದೆ.

ನೀರು, ನೆಲ, ನೆಲೆ

ಕನ್ನಡದ ಊರುಗಳ ಹೆಸರಿನಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಉತ್ತರಪದವು ನೆಲೆಯ ಬಗೆಯನ್ನು ತಿಳಿಸಿದರೆ, ಪೂರ್ವಪದವು ಅದರ ವಿಶೇಷವನ್ನು ತಿಳಿಸುತ್ತದೆ. ಊರು, ಹಳ್ಳಿ, ಪುರ, ಪೇಟೆ, ಪಾಳ್ಯ, ಕೊಪ್ಪ, ಹಟ್ಟಿ, ದೊಡ್ಡಿ, ಅಗ್ರಹಾರ ಇವು ಉತ್ತರಪದಗಳಿಗೆ ಕೆಲವು ಉದಾಹರಣೆಗಳು. ಹಟ್ಟಿ, ದೊಡ್ಡಿಗಳು ದನಕುರಿ ಸಾಕುವವರ ನೆಲೆಯನ್ನು, ಪೇಟೆಯು ವ್ಯಾಪಾರದ ಸ್ಥಳವನ್ನು, ಅಗ್ರಹಾರವು ವಿದ್ವಾಂಸರಿಗೆ ದತ್ತಿಯಾಗಿ ಬಂದ ಗ್ರಾಮವನ್ನು ಸೂಚಿಸುತ್ತವೆ. ಸಂತೇಬೆನ್ನೂರು, ಸಂತೇಮಾರಹಳ್ಳಿಗಳಲ್ಲಿ ವಾರದ ಸಂತೆಯೇ ಹೆಸರಿನ ಮುಂದೆ ಬಂದು ನಿಂತಿದೆ.

ಮಳೆಯನ್ನು ಆಶ್ರಯಿಸಿದ ಬಯಲುಸೀಮೆಯಲ್ಲಿ ಕೆರೆಯೇ ಊರಿನ ಜೀವಾಳ. ಆದುದರಿಂದ ಕೆರೆಯ ಹೆಸರು ಊರಿನ ಹೆಸರಾದುದು ಸಹಜ. ಅರಸಿಯ ಕೆರೆ ಅರಸೀಕೆರೆಯಾಯಿತು. ಸಂಧಿಯ ನಿಯಮದಂತೆ ಕಕಾರವು ಗಕಾರವಾಗಿ ‘ಕೆರೆ’ಯು ‘ಗೆರೆ’ ಎಂದಾಗುವುದೂ ಉಂಟು. ದೊಡ್ಡ ಕೆರೆಯನ್ನು ನಮ್ಮ ಹಿರಿಯರು ಹೆಮ್ಮೆಯಿಂದ ‘ಸಮುದ್ರ’ ಎಂದು ಕರೆದರು. ಅದು ಜನರ ನಾಲಿಗೆಯಲ್ಲಿ ಸವೆದು ‘ಸಂದ್ರ’ವಾಯಿತು. ಬೆಂಗಳೂರಿನ ಸುತ್ತಲಿನ ಬೊಮ್ಮಸಂದ್ರ, ಜಕ್ಕಸಂದ್ರ, ಸಿಂಗಸಂದ್ರಗಳು ಕಡಲಿನಿಂದ ನೂರಾರು ಮೈಲಿ ದೂರದಲ್ಲಿದ್ದರೂ ತಮ್ಮ ಹೆಸರಿನಲ್ಲಿ ಸಮುದ್ರವನ್ನು ಉಳಿಸಿಕೊಂಡಿರುವುದು ಈ ಕಾರಣದಿಂದ. ಕೆರೆ ಬತ್ತಿದರೂ, ಅದರ ಅಂಗಳದಲ್ಲಿ ಮನೆಗಳೆದ್ದರೂ, ಹೆಸರು ಮಾತ್ರ ಅಲ್ಲಿದ್ದ ನೀರಿಗೆ ಸಾಕ್ಷಿಯಾಗಿ ನಿಲ್ಲುತ್ತದೆ.

ಹಳಗನ್ನಡದ ‘ಪ’ಕಾರವು ಕಾಲಕ್ರಮದಲ್ಲಿ ‘ಹ’ಕಾರವಾದುದು ಕನ್ನಡದ ಒಂದು ಮುಖ್ಯ ಲಕ್ಷಣ. ಶಾಸನಗಳ ‘ಪಳ್ಳಿ’ಯೇ ಇಂದಿನ ‘ಹಳ್ಳಿ’. ಲಕ್ಷ್ಮೇಶ್ವರದ ಹಳೆಯ ಹೆಸರಾದ ‘ಪುಲಿಗೆರೆ’ಯು ‘ಹುಲಿಗೆರೆ’ಯೂ ಆಗಿತ್ತು. ‘ಊರು’ ಎಂಬ ಶಬ್ದವಾದರೋ ದ್ರಾವಿಡ ಭಾಷೆಗಳಿಗೆಲ್ಲ ಸಾಮಾನ್ಯವಾದುದು. ವೇಲೂರು, ನೆಲ್ಲೂರುಗಳ ಹಾದಿಯಲ್ಲಿ ಪಯಣಿಸುವ ಚೆನ್ನೈ ಮತ್ತು ಹೈದರಾಬಾದಿನ ಕನ್ನಡಿಗರಿಗೆ ಇದು ಹೊಸ ಸಂಗತಿಯಲ್ಲ. ತಮಿಳುನಾಡಿನ ಹೊಸೂರಿನ ಹೆಸರಂತೂ ಅಚ್ಚಗನ್ನಡದ್ದು. ಮಹಾರಾಷ್ಟ್ರದ ಸ್ಥಳನಾಮಗಳಲ್ಲಿ ಉಳಿದಿರುವ ಕನ್ನಡದ ಕುರುಹುಗಳನ್ನು ವಿದ್ವಾಂಸರಾದ ಶಂ.ಬಾ. ಜೋಶಿಯವರು ಶ್ರಮವಹಿಸಿ ಶೋಧಿಸಿದ್ದಾರೆ.

ಕಥೆ ಮತ್ತು ಶಾಸನ

ಊರಿನ ಹೆಸರಿಗೆ ಜನರು ಕಥೆಗಳನ್ನು ಕಟ್ಟುವುದು ವಾಡಿಕೆ. ಹೊಯ್ಸಳ ದೊರೆ ವೀರಬಲ್ಲಾಳನು ಬೇಟೆಯಲ್ಲಿ ದಾರಿ ತಪ್ಪಿದಾಗ ಮುದುಕಿಯೊಬ್ಬಳು ಬೆಂದ ಕಾಳುಗಳನ್ನಿತ್ತು ಉಪಚರಿಸಿದಳೆಂದೂ, ಅದರಿಂದ ‘ಬೆಂದಕಾಳೂರು’ ಎಂಬ ಹೆಸರು ಬಂದಿತೆಂದೂ ಹೇಳುವ ಕಥೆ ಎಲ್ಲರಿಗೂ ತಿಳಿದಿದೆ. ಆದರೆ ಬೆಂಗಳೂರಿನ ಸಮೀಪದ ಬೇಗೂರಿನಲ್ಲಿ ದೊರೆತಿರುವ, ಸುಮಾರು ಕ್ರಿ.ಶ. 890ರ ಗಂಗರ ಕಾಲದ ವೀರಗಲ್ಲಿನ ಶಾಸನವು ಬೆಂಗಳೂರಿನಲ್ಲಿ ನಡೆದ ಕಾಳಗವನ್ನು ಉಲ್ಲೇಖಿಸುತ್ತದೆ. ವೀರಬಲ್ಲಾಳನಾದರೋ 12ನೆಯ ಶತಮಾನದ ಕೊನೆಯ ಭಾಗದಲ್ಲಿ ಪಟ್ಟವೇರಿದವನು. ಅಂದರೆ ಆ ಹೆಸರು ಅವನಿಗಿಂತ ಸುಮಾರು 300 ವರ್ಷಗಳಷ್ಟು ಹಿಂದಿನದು. ಕಥೆಯ ಸೊಗಸು ಕಥೆಗಿರಲಿ. ಹೆಸರಿನ ಮೂಲವನ್ನು ನಿರ್ಧರಿಸುವಾಗ ಶಾಸನ ಹಾಗೂ ಹಳೆಯ ದಾಖಲೆಗಳ ಆಧಾರವೇ ಪ್ರಮಾಣ. 1886ರಿಂದ ಪ್ರಕಟವಾಗತೊಡಗಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಈ ಬಗೆಯ ಅಧ್ಯಯನಕ್ಕೆ ಭದ್ರವಾದ ತಳಹದಿಯನ್ನು ಹಾಕಿಕೊಟ್ಟವು.

ಅಂಚೆ ಮತ್ತು ಟಪಾಲು

ಮೈಸೂರು ಸಂಸ್ಥಾನದಲ್ಲಿ ಅಂಚೆಯ ವ್ಯವಸ್ಥೆಯನ್ನು 17ನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರು ರೂಪಿಸಿದರು. ರಾಜಾಜ್ಞೆಗಳನ್ನು ತಲುಪಿಸುವುದಷ್ಟೇ ಅಲ್ಲದೆ, ನಾಡಿನ ಆಗುಹೋಗುಗಳನ್ನು ಅರಮನೆಗೆ ವರದಿ ಮಾಡುವುದೂ ಅಂಚೆಯವರ ಕರ್ತವ್ಯವಾಗಿತ್ತು. ಮುಂದೆ ಸಾರ್ವಜನಿಕರ ಕಾಗದಗಳಿಗೂ ಅದು ತೆರವಾಯಿತು. ಹಳೆಯ ಕನ್ನಡದಲ್ಲಿ ‘ಅಂಚೆ’ ಎಂದರೆ ಹಂಸ ಎಂಬ ಅರ್ಥವೂ ಉಂಟು. ನಳದಮಯಂತಿಯರ ನಡುವೆ ಸಂದೇಶವನ್ನು ಒಯ್ದ ಹಂಸವನ್ನು ನೆನೆದು ಈ ಎರಡು ಅರ್ಥಗಳಿಗೂ ಸಂಬಂಧ ಕಲ್ಪಿಸುವವರಿದ್ದಾರೆ.

ಮೈಸೂರಿನ ಅಂಚೆಯು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ವಿಲೀನಗೊಂಡಿತು. ಮುಂಬಯಿ ಮತ್ತು ಮದರಾಸು ಪ್ರಾಂತಗಳಿಗೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ಬಳಕೆಯಲ್ಲಿದ್ದುದು ‘ಟಪಾಲು’ ಎಂಬ ಶಬ್ದ. ಮರಾಠಿ, ತಮಿಳು, ತೆಲುಗುಗಳಲ್ಲಿಯೂ ಇದರ ರೂಪಗಳೇ ರೂಢಿಯಲ್ಲಿವೆ. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ನಿಜಾಮರ ಆಡಳಿತದಲ್ಲಿದ್ದುದರಿಂದ ಅಲ್ಲಿ ಹೈದರಾಬಾದ್ ಸಂಸ್ಥಾನದ ಪ್ರತ್ಯೇಕ ಅಂಚೆ ಮತ್ತು ಅಂಚೆಚೀಟಿಗಳು ನಡೆಯುತ್ತಿದ್ದವು. 1950ರಲ್ಲಿ ಅದೂ ಭಾರತೀಯ ಅಂಚೆಯಲ್ಲಿ ಸೇರಿತು. ಸಂಸ್ಥಾನಗಳ ಅಂಚೆ ಮರೆಯಾದರೂ ಮೈಸೂರಿನ ಮಾತು ಉಳಿಯಿತು. ಇಂದು ಭಾರತ ಸರ್ಕಾರದ ಇಲಾಖೆಯನ್ನು ಕನ್ನಡದಲ್ಲಿ ‘ಅಂಚೆ ಇಲಾಖೆ’ ಎಂದೇ ಕರೆಯಲಾಗುತ್ತದೆ.

ಹಳ್ಳಿಗೆ ಬಂದ ಅಂಚೆ

ಬ್ರಿಟಿಷ್ ಭಾರತದಲ್ಲಿ 1854ರ ಅಕ್ಟೋಬರ್ 1ರಿಂದ, ದೂರ ಎಷ್ಟೇ ಇರಲಿ, ಕಾಲು ತೊಲದೊಳಗಿನ ಕಾಗದಕ್ಕೆ ಅರ್ಧಾಣೆಯ ಏಕರೂಪ ದರವು ಜಾರಿಗೆ ಬಂದಿತು. 1879ರಲ್ಲಿ ಕಾಲಾಣೆಯ ಕಾರ್ಡು, 1880ರಲ್ಲಿ ಮನಿಯಾರ್ಡರು, 1882ರಲ್ಲಿ ಅಂಚೆ ಉಳಿತಾಯ ಬ್ಯಾಂಕು ಬಂದವು. ಆದರೆ ಮೊದಮೊದಲು ಈ ಸೌಲಭ್ಯಗಳು ಹೆಚ್ಚಾಗಿ ಪಟ್ಟಣಗಳಿಗೆ ಸೀಮಿತವಾಗಿದ್ದವು. ಒಳನಾಡಿನಲ್ಲಿ ಪೊಲೀಸ್ ಠಾಣೆಗಳ ಹಾಗೂ ಕಂದಾಯ ಕಚೇರಿಗಳ ಪತ್ರಗಳನ್ನು ಸಾಗಿಸಲು ಇದ್ದ ಜಿಲ್ಲಾ ಅಂಚೆಯೇ ಬಹುಮಟ್ಟಿಗೆ ಜನರಿಗೂ ಆಸರೆಯಾಗಿತ್ತು.

ಹಳ್ಳಿಯಲ್ಲಿ ಕಚೇರಿಯನ್ನು ಮೊದಲು ಪ್ರಾಯೋಗಿಕವಾಗಿ ತೆರೆದು, ಸಾಕಷ್ಟು ವರಮಾನ ಬಂದರೆ ಕಾಯಂಗೊಳಿಸುವುದು ರೂಢಿ. ಕಚೇರಿಗೆಂದು ಪ್ರತ್ಯೇಕ ಕಟ್ಟಡವಿರುವುದು ಅಪರೂಪವಾಗಿತ್ತು. ಶಾಲೆಯ ಉಪಾಧ್ಯಾಯರೋ ಅಂಗಡಿಯವರೋ ಅಲ್ಪ ಸಂಭಾವನೆಗೆ ಆ ಕೆಲಸವನ್ನು ನಿರ್ವಹಿಸುತ್ತಿದ್ದರು. ಅವರ ಮನೆಯ ಜಗುಲಿಯೇ ಕಚೇರಿ. ಒಂದು ಪೆಟ್ಟಿಗೆ, ತಕ್ಕಡಿ, ಅರಗು, ದಿನಾಂಕದ ಮುದ್ರೆ ಇವೇ ಅದರ ಸಲಕರಣೆ. ಅಂಚೆಯ ಚೀಲವನ್ನು ಹೊತ್ತು ಓಡುವ ಹರಿಕಾರನು ಈಟಿಯ ಕೋಲಿಗೆ ಗೆಜ್ಜೆ ಕಟ್ಟಿಕೊಂಡು, ಕಾಡುದಾರಿಯಲ್ಲಿ ಅದರ ಸದ್ದಿನಿಂದ ಮೃಗಗಳನ್ನು ಬೆದರಿಸುತ್ತ, ಕೆಲವು ಮೈಲಿಗಳ ಬಳಿಕ ಮತ್ತೊಬ್ಬನಿಗೆ ಚೀಲವನ್ನು ಒಪ್ಪಿಸುತ್ತಿದ್ದನು. ಓದುಬರಹ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಕಾಗದವನ್ನು ತಲುಪಿಸಿದವನೇ ಅದನ್ನು ಓದಿ ಹೇಳಬೇಕಾಗುತ್ತಿತ್ತು, ಉತ್ತರವನ್ನೂ ಬರೆದುಕೊಡಬೇಕಾಗುತ್ತಿತ್ತು.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿದ್ದ ಅಂಚೆ ಕಚೇರಿಗಳು 23,344. ಅವುಗಳಲ್ಲಿ 19,184 ಗ್ರಾಮೀಣ ಪ್ರದೇಶದವು. ಇಂದು ಒಂದೂವರೆ ಲಕ್ಷಕ್ಕೂ ಮಿಕ್ಕಿ ಕಚೇರಿಗಳಿದ್ದು, ಹತ್ತರಲ್ಲಿ ಸುಮಾರು ಒಂಬತ್ತು ಹಳ್ಳಿಗಾಡಿನಲ್ಲಿವೆ.

ಮುದ್ರೆಯಲ್ಲಿ ನೆಲೆನಿಂತ ಹೆಸರು

ಕಚೇರಿಯೊಂದಿಗೆ ಊರಿಗೆ ಮುದ್ರೆ ಬಂದಿತು. ಮುದ್ರೆಯೊಂದಿಗೆ ಊರಿನ ಹೆಸರಿಗೆ ಒಂದು ಸ್ಥಿರವಾದ ರೂಪ ಬಂದಿತು. ಆದರೆ ಆ ರೂಪವು ಬಹಳ ಕಾಲ ರೋಮನ್ ಲಿಪಿಯಲ್ಲಿದ್ದುದರಿಂದ ಕೆಲವು ತೊಡಕುಗಳು ಉಂಟಾದವು. ಲಕಾರ ಳಕಾರಗಳ, ನಕಾರ ಣಕಾರಗಳ, ಹ್ರಸ್ವ ದೀರ್ಘಗಳ ಭೇದವನ್ನು ಆ ಬರವಣಿಗೆ ತೋರಿಸಲಾರದು. ಬಂಡೆಗಲ್ಲುಗಳಿಂದ ಹೆಸರು ಪಡೆದ ‘ಕಲ್ಲಹಳ್ಳಿ’ಯನ್ನು ಪರವೂರಿನವರು ‘ಕಳ್ಳಹಳ್ಳಿ’ ಎಂದು ಓದಿದರೆ ತಡೆಯುವವರು ಯಾರು? ಹಾಸನ ಜಿಲ್ಲೆಯ ಬೇಲೂರನ್ನೂ, ರಾಮಕೃಷ್ಣ ಮಠದ ಕೇಂದ್ರವಾದ ಬಂಗಾಳದ ಬೇಲೂರನ್ನೂ ರೋಮನ್ ಲಿಪಿಯಲ್ಲಿ ಒಂದೇ ರೀತಿ ಬರೆಯಲಾಗುತ್ತದೆ.

ಆಳುವವರು ಇಟ್ಟ ಹೆಸರುಗಳೂ ಲಕೋಟೆಗಳ ಮೇಲೆ ಕಾಣಿಸಿಕೊಂಡವು. ರಾಮನಗರವು ಬ್ರಿಟಿಷ್ ಅಧಿಕಾರಿ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ‘ಕ್ಲೋಸ್‌ಪೇಟೆ’ ಎನಿಸಿತ್ತು. ಮೈಸೂರಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಯು ‘ಫ್ರೆಂಚ್ ರಾಕ್ಸ್’ ಆಗಿ, ಬಳಿಕ ಪಾಂಡವಪುರವಾಯಿತು. ಕೊಡಗಿನ ಕುಶಾಲನಗರವು ‘ಫ್ರೇಸರ್‌ಪೇಟೆ’ಯಾಗಿತ್ತು. ಅರಿಕುಠಾರವು ಮುಮ್ಮಡಿ ಕೃಷ್ಣರಾಜ ಒಡೆಯರ ತಂದೆಯವರ ಹೆಸರಿನಿಂದ ಚಾಮರಾಜನಗರವಾಯಿತು. ವೀರರಾಜೇಂದ್ರಪೇಟೆಯು ಜನರ ಬಾಯಿಯಲ್ಲಿ ಕಿರಿದಾಗಿ ವಿರಾಜಪೇಟೆಯೆಂದು ನಿಂತಿತು.

2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಮೊದಲಾದ 12 ನಗರಗಳ ಹೆಸರುಗಳನ್ನು ಇಂಗ್ಲಿಷಿನಲ್ಲಿಯೂ ಕನ್ನಡದ ಉಚ್ಚಾರಣೆಗೆ ಹೊಂದುವಂತೆ ಬದಲಾಯಿಸಲಾಯಿತು. ದೊಡ್ಡ ನಗರಗಳ ಹೆಸರು ಎಲ್ಲರ ಗಮನಕ್ಕೆ ಬರುತ್ತದೆ. ಚಿಕ್ಕ ಊರುಗಳ ಹೆಸರನ್ನು ಸರಿಯಾಗಿ ಬಲ್ಲವರು ಆ ಊರಿನವರು ಮಾತ್ರ. ಹಲವು ಹಳ್ಳಿಗಳಿಗೆ ಒಂದೇ ಕಚೇರಿ ಇರುವಲ್ಲಿ, ಕಚೇರಿಯುಳ್ಳ ಊರಿನ ಹೆಸರು ದೂರದೂರಕ್ಕೆ ಪರಿಚಿತವಾಗಿ, ಪಕ್ಕದ ಹಟ್ಟಿ ಪಾಳ್ಯಗಳ ಹೆಸರು ಬರವಣಿಗೆಯಿಂದಲೇ ಬಿಟ್ಟುಹೋಗುವ ಸಂಭವವೂ ಉಂಟು.

ಒಂದೇ ಹೆಸರು, ಹಲವು ಊರು

ಹೊಸಹಳ್ಳಿ, ರಾಮಪುರ, ಗೊಲ್ಲರಹಟ್ಟಿ ಎಂಬ ಹೆಸರಿನ ಊರುಗಳು ಒಂದೆರಡಲ್ಲ. ಉಡುಪಿ, ಕುಂದಾಪುರಗಳ ಕಡೆಯಿಂದ ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ದುಡಿದವರಿಗೂ, ಉತ್ತರ ಕರ್ನಾಟಕದಿಂದ ಕೂಲಿಗಾಗಿ ಹೊರಟವರಿಗೂ ಮನೆಯೊಂದಿಗಿನ ಕೊಂಡಿ ಎಂದರೆ ತಿಂಗಳ ಮನಿಯಾರ್ಡರು. ಅದರ ಮೇಲಿನ ಊರಿನ ಹೆಸರು ತಪ್ಪಾದರೆ, ತಾಲ್ಲೂಕಿನ ಹೆಸರು ಬಿಟ್ಟುಹೋದರೆ, ಹಣವು ಬೇರೊಂದು ಊರನ್ನು ಸುತ್ತಿ ತಡವಾಗಿ ಬರುತ್ತಿತ್ತು. ಅಲ್ಲಿಯವರೆಗೆ ಮನೆಯವರು ಸಾಲ ಮಾಡಬೇಕಾಗುತ್ತಿತ್ತು.

ಈ ತೊಂದರೆಯನ್ನು ನಿವಾರಿಸುವ ಸಲುವಾಗಿ 1972ರ ಆಗಸ್ಟ್ 15ರಂದು ಆರು ಅಂಕಿಗಳ ಪಿನ್ ಕೋಡ್ ಜಾರಿಗೆ ಬಂದಿತು. ಇದನ್ನು ರೂಪಿಸಿದವರು ಸಂಸ್ಕೃತ ವಿದ್ವಾಂಸರೂ ಆಗಿದ್ದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್. ಉಡುಪಿಯ ಪ್ರಧಾನ ಅಂಚೆ ಕಚೇರಿಯ 576101 ಎಂಬ ಸಂಖ್ಯೆಯನ್ನು ನೋಡಬಹುದು. ಮೊದಲ 5 ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳನ್ನೊಳಗೊಂಡ ವಲಯವನ್ನು, 57 ಅದರೊಳಗಿನ ಉಪವಲಯವನ್ನು, 576 ವಿಂಗಡಣೆಯ ಜಿಲ್ಲೆಯನ್ನು, ಕೊನೆಯ ಮೂರು ಅಂಕಿಗಳು ಬಟವಾಡೆಯ ಕಚೇರಿಯನ್ನು ಸೂಚಿಸುತ್ತವೆ. 2025ರಲ್ಲಿ ಅಂಚೆ ಇಲಾಖೆಯು ‘ಡಿಜಿಪಿನ್’ ಎಂಬ ಹತ್ತು ಅಕ್ಷರಾಂಕಗಳ ಸಂಕೇತವನ್ನೂ ಪ್ರಕಟಿಸಿದೆ. ಇದು ಸುಮಾರು ನಾಲ್ಕು ಮೀಟರ್ ಉದ್ದಗಲದ ಜಾಗವನ್ನು ಗುರುತಿಸಬಲ್ಲದು.

ಓದುಗರಲ್ಲಿ ವಿನಂತಿ

ಸಂಕೇತವು ಸ್ಥಳವನ್ನು ತೋರಿಸುತ್ತದೆ; ಅಲ್ಲಿ ಕೆರೆಯಿತ್ತೋ ಸಂತೆಯಿತ್ತೋ ಎಂಬುದನ್ನು ಹೇಳುವುದು ಹೆಸರು ಮಾತ್ರ. ಆದುದರಿಂದ ವಿಳಾಸ ಬರೆಯುವಾಗ ಎರಡಕ್ಕೂ ಸ್ಥಾನವಿರಲಿ. ಮೊದಲು ಹಳ್ಳಿಯ ಹೆಸರು, ಅನಂತರ ಅಂಚೆ ಕಚೇರಿ, ತಾಲ್ಲೂಕು, ಜಿಲ್ಲೆ, ರಾಜ್ಯ ಹಾಗೂ ಪಿನ್ ಕೋಡ್ ಈ ಕ್ರಮವನ್ನು ಅನುಸರಿಸುವುದು ಒಳ್ಳೆಯದು. ಬೇರೆ ರಾಜ್ಯಗಳಿಂದ ಕನ್ನಡದಲ್ಲಿ ವಿಳಾಸ ಬರೆಯುವವರು ಅಂಚೆ ಕಚೇರಿ, ಜಿಲ್ಲೆ ಹಾಗೂ ರಾಜ್ಯದ ಹೆಸರುಗಳನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿಯೂ ನಮೂದಿಸಿದರೆ ವಿಂಗಡಣೆಗೆ ಅನುಕೂಲವಾಗುತ್ತದೆ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಲ್ಲಿ ಅನೇಕರು ತಮ್ಮ ಹಿರಿಯರ ಊರಿನ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಕಂಡಿರಬಹುದು. ಮನೆಯಲ್ಲಿ ಹಳೆಯ ಕಾರ್ಡು, ಮನಿಯಾರ್ಡರಿನ ರಸೀದಿಗಳಿದ್ದರೆ ಅವುಗಳ ಮೇಲಿನ ಮುದ್ರೆಯನ್ನು ಅವರಿಗೆ ತೋರಿಸಿ, ಆ ಊರನ್ನು ಊರಿನವರು ಹೇಗೆ ಕರೆಯುತ್ತಾರೆಂಬುದನ್ನು ಕನ್ನಡದಲ್ಲಿ ಬರೆಯಿಸಬಹುದು. ಹೆಸರನ್ನು ಸರಿಯಾಗಿ ಉಚ್ಚರಿಸಬಲ್ಲ ಹಿರಿಯರು ಇರುವಾಗಲೇ ಈ ಕೆಲಸ ನಡೆಯುವುದು ಲೇಸು.